ನಡುದಾರಿಯಲ್ಲಿ ಕಾರು ನಿಂತರೆ ಬರುವವರು ಯಾರು?

ಕಾರಿನ ಇನ್ಶೂರೆನ್ಸ್ ರಿನ್ಯೂವಲ್‌ಗೆಂದು ಕಳಿಸುವ ಕೋಟೇಶನ್ನಿನಲ್ಲಿ ದೊಡ್ಡ ಮೊತ್ತಗಳೆಲ್ಲ ಮುಗಿದ ಮೇಲೆ, ಕೆಳಗೆಲ್ಲೋ, ‘ರೋಡ್‌ಸೈಡ್ ಅಸಿಸ್ಟೆನ್ಸ್’ (ಆರ್‌ಎಸ್‌ಎ) ಎಂಬ ಒಂದು ಸಾಲಿರುತ್ತದೆ. ಎದುರಿಗಿರುವುದು ಕೆಲವು ನೂರು ರೂಪಾಯಿ. ಪ್ರೀಮಿಯಂ ಸಾವಿರಗಟ್ಟಲೆ ಇರುವಾಗ ಇದಕ್ಕಾಗಿ ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ಏಜೆಂಟರು “ಇರಲಿ ಬಿಡಿ ಸರ್, ಒಳ್ಳೇದು” ಅನ್ನುತ್ತಾರೆ, ನಾವೂ ಇರಲಿ ಅನ್ನುತ್ತೇವೆ. ಆನ್‌ಲೈನಿನಲ್ಲಾದರೆ ಎಷ್ಟೋ ಸಲ ಆ ಚೌಕದಲ್ಲಿ ಟಿಕ್ ಮೊದಲೇ ಬಿದ್ದಿರುತ್ತದೆ.

ಪಾಲಿಸಿಯಲ್ಲಿರುವ ಮಿಕ್ಕ ಸೌಲಭ್ಯಗಳಿಗಿಂತ ಬಳಕೆಗೆ ಬರುವ ಸಂಭವ ಹೆಚ್ಚಿರುವುದು ಈ ಸಾಲಿಗೇ. ಅಪಘಾತವೇ ಆಗದೆ ಇಪ್ಪತ್ತು ವರ್ಷ ಕಾರು ಓಡಿಸಿದವರು ಬೇಕಾದಷ್ಟಿದ್ದಾರೆ. ಬ್ಯಾಟರಿ ಕೈಕೊಡದೆ ಇಪ್ಪತ್ತು ವರ್ಷ ಓಡಿಸಿದವರು ಸಿಗುವುದಿಲ್ಲ. ಪಂಕ್ಚರ್, ಒಳಗೇ ಉಳಿದ ಕೀಲಿ, ಪೆಟ್ರೋಲ್ ಕಾರಿಗೆ ಡೀಸೆಲ್ ಹಾಕಿಸಿಕೊಂಡ ಪೇಚು, ಘಾಟಿ ಹತ್ತುವಾಗ ಸುಟ್ಟುಹೋದ ಕ್ಲಚ್ ಪ್ಲೇಟ್, ಇವಕ್ಕೆಲ್ಲ ಒದಗಬೇಕಾದದ್ದು ಇದೇ. ಒದಗುತ್ತದೋ ಇಲ್ಲವೋ ಎಂಬುದು ನಿಂತದ್ದು ಬ್ರೋಷರಿನಲ್ಲಿ ಅಚ್ಚಾಗಿರುವ ಸೇವೆಗಳ ಪಟ್ಟಿಯ ಮೇಲಲ್ಲ. ಪಟ್ಟಿ ಎಲ್ಲ ಕಂಪನಿಗಳದ್ದೂ ಹೆಚ್ಚುಕಡಿಮೆ ಒಂದೇ. ನೀವು ಓಡಾಡುವ ರಸ್ತೆಗೆ ಟೋಯಿಂಗ್ ಗಾಡಿ ಯಾವ ಊರಿಂದ ಹೊರಡುತ್ತದೆ ಎಂಬುದರಲ್ಲಿ ಎಲ್ಲ ವ್ಯತ್ಯಾಸವಿದೆ. ರಿನ್ಯೂವಲ್ ಸಮಯದಲ್ಲಿ ಕೇಳಬೇಕಾದ ಪ್ರಶ್ನೆಗಳೆಲ್ಲ ಅದರ ಸುತ್ತಲೇ ಸುತ್ತುತ್ತವೆ.

ಮೊದಲು ನಿಮ್ಮ ಕೈಲಿ ಏನಿದೆ ನೋಡಿ

ಹೊಸದನ್ನು ಕೊಳ್ಳುವ ಮುಂಚೆ ಮನೆಯ ಕಪಾಟಿನಲ್ಲಿರುವ ಕಾರಿನ ಫೈಲ್ ತೆಗೆಯಿರಿ. ವಾರಂಟಿ ಅವಧಿಯಲ್ಲಿ ಕಾರು ಕಂಪನಿಗಳೇ ಆರ್‌ಎಸ್‌ಎ ಸೇರಿಸಿ ಕೊಡುವುದು ಈಗ ರೂಢಿಯಾಗಿದೆ. ಎಕ್ಸ್‌ಟೆಂಡೆಡ್ ವಾರಂಟಿ ತೆಗೆದುಕೊಂಡಿದ್ದರೆ ಅದರ ಜೊತೆಗೂ ಬಂದಿರಬಹುದು. ಕೆಲವು ದುಬಾರಿ ಕ್ರೆಡಿಟ್ ಕಾರ್ಡುಗಳೂ ಈ ಸವಲತ್ತು ಕೊಡುತ್ತವೆ, ಕಾರ್ಡಿನ ಮಾಲೀಕರಿಗೇ ಅದು ಗೊತ್ತಿರುವುದಿಲ್ಲ, ಅಷ್ಟೆ. ಹೀಗೆ ಮೂರು ಕಡೆಯಿಂದ ಸಹಾಯಕ್ಕೆ ದುಡ್ಡು ಕಟ್ಟಿ, ನಡುರಸ್ತೆಯಲ್ಲಿ ನಿಂತಾಗ ಒಂದರ ನಂಬರೂ ಕೈಗೆ ಸಿಗದೆ ಗೂಗಲ್‌ನಲ್ಲಿ ‘ಟೋಯಿಂಗ್ ನಿಯರ್ ಮಿ’ ಎಂದು ಹುಡುಕುವವರು ಎಷ್ಟೋ ಮಂದಿ. ಹಾಗೆ ಹುಡುಕಿದಾಗ ಸಿಗುವ ನಂಬರಿನವರು ಹೇಳಿದ್ದೇ ದರ.

ಆದ್ದರಿಂದ ಕಾರು ಕಂಪನಿಯ ಆರ್‌ಎಸ್‌ಎ ಇನ್ನೂ ಒಂದು ವರ್ಷ ಇದೆ ಅಂದರೆ ವಿಮೆಯಲ್ಲಿ ಅದೇ ಆಡ್-ಆನ್ ಬೇಡ ಅನ್ನಲು ಹಿಂಜರಿಯಬೇಡಿ. ಅವಧಿ ಮುಗಿಯುವ ತಾರೀಕನ್ನು ಮಾತ್ರ ನೋಡಿಕೊಳ್ಳಿ. ಪಾಲಿಸಿ ಏಪ್ರಿಲ್‌ನಲ್ಲಿ ರಿನ್ಯೂ ಆಗಿ, ಕಂಪನಿಯ ಆರ್‌ಎಸ್‌ಎ ಜೂನ್‌ಗೇ ಮುಗಿದರೆ ಮಳೆಗಾಲ ಪೂರ್ತಿ ಬರಿಗೈ.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನೂ ಬಿಡಿಸಬೇಕು. “ಕಾಂಪ್ರಹೆನ್ಸಿವ್ ಪಾಲಿಸಿ ಇದೆಯಲ್ಲ, ಗಾಡಿ ಎತ್ತಿಕೊಂಡು ಹೋಗುವುದೂ ಅದರಲ್ಲೇ ಬರುತ್ತೆ” ಎಂದು ನಂಬಿದವರಿದ್ದಾರೆ. ಖಾಸಗಿ ಕಾರಿನ ಸ್ಟ್ಯಾಂಡರ್ಡ್ ಪಾಲಿಸಿಯಲ್ಲಿ ಟೋಯಿಂಗ್ ಖರ್ಚಿಗೆ ಬಹುಕಾಲದಿಂದ ಇರುವ ಮಿತಿ 1500 ರೂಪಾಯಿ. ಅದೂ ಅಪಘಾತವಾದಾಗ. ಸುಮ್ಮನೆ ಕೆಟ್ಟು ನಿಂತ ಕಾರಿಗೆ ಅದರಿಂದ ಒಂದು ಪೈಸೆಯೂ ಬಾರದು. ಬರೀ ಥರ್ಡ್ ಪಾರ್ಟಿ ಇಟ್ಟುಕೊಂಡವರಿಗಂತೂ ಸಾಮಾನ್ಯವಾಗಿ ಈ ಆಡ್-ಆನ್ ಸಿಗುವುದೇ ಇಲ್ಲ. ಅವರು ಹೊರಗಿನ ಯೋಜನೆಯನ್ನೇ ನೋಡಬೇಕು.

ಮೂರು ಬಾಗಿಲು

ಕೊಳ್ಳಲೇಬೇಕು ಎಂದಾದರೆ ದಾರಿ ಮೂರು: ವಿಮಾ ಕಂಪನಿಯ ಆಡ್-ಆನ್, ಕಾರು ಕಂಪನಿಯ ಪಾವತಿ ಯೋಜನೆ, ಇಲ್ಲವೇ ಇದೇ ಕಸುಬಿನ ಖಾಸಗಿ ಸಂಸ್ಥೆಗಳ ವಾರ್ಷಿಕ ಸದಸ್ಯತ್ವ.

ವಿಮಾ ಕಂಪನಿಯದು ಎಲ್ಲಕ್ಕಿಂತ ಅಗ್ಗ. ಆದರೆ ವಿಮಾ ಕಂಪನಿಗಳು ತಾವೇ ಕ್ರೇನ್ ಇಟ್ಟುಕೊಂಡಿರುವುದಿಲ್ಲ. ಸೇವೆಯನ್ನು ಯಾವುದೋ ಅಸಿಸ್ಟೆನ್ಸ್ ಸಂಸ್ಥೆಗೆ ವಹಿಸಿರುತ್ತವೆ, ಆ ಸಂಸ್ಥೆ ಊರೂರಿನ ಟೋಯಿಂಗ್ ಗಾಡಿಯವರ ಜೊತೆ ಒಪ್ಪಂದ ಮಾಡಿಕೊಂಡಿರುತ್ತದೆ. ನೀವು ಫೋನ್ ಮಾಡಿದಾಗ ಎತ್ತುವವರು ಬೇರೊಂದು ರಾಜ್ಯದ ಕಾಲ್ ಸೆಂಟರಿನಲ್ಲಿರಬಹುದು, ಬರುವ ಗಾಡಿ ಹಾಸನದ್ದೋ ಪುತ್ತೂರಿನದ್ದೋ ಆಗಿರಬಹುದು. ಖಾಸಗಿ ಕಾರುಗಳಿಗೆ ನೇರವಾಗಿ ಸದಸ್ಯತ್ವ ಮಾರುವ ಸಂಸ್ಥೆಗಳೂ, ಉದಾಹರಣೆಗೆ ಬೆಂಗಳೂರಿನ ರೆಡಿಅಸಿಸ್ಟ್, ಚೆನ್ನೈ ಮೂಲದ ಮೈಟಿವಿಎಸ್, ಇಂಥ ಜಾಲ ಕಟ್ಟಿಯೇ ಕೆಲಸ ಮಾಡುವಂಥವು. ಹಾಗಾಗಿ ಎರಡು ಬೇರೆ ಬೇರೆ ಬ್ರ್ಯಾಂಡಿನ ಯೋಜನೆ ಕೊಂಡವರ ಮನೆ ಮುಂದೆ ಬಂದು ನಿಲ್ಲುವುದು ಒಂದೇ ಗಾಡಿ, ಒಬ್ಬರೇ ಡ್ರೈವರ್ ಆಗಿದ್ದರೂ ಅಚ್ಚರಿಯಿಲ್ಲ. “ನಿಮ್ಮ ಆರ್‌ಎಸ್‌ಎ ನಡೆಸುವವರು ಯಾರು?” ಎಂದು ಏಜೆಂಟರನ್ನು ಕೇಳಿ. ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಪಾಲಿಸಿಯ ಷರತ್ತುಗಳಲ್ಲಿ ಹುಡುಕಿದರೆ ಕೆಲವೊಮ್ಮೆ ಹೆಸರು ಸಿಗುತ್ತದೆ.

ಕಾರು ಕಂಪನಿಯ ಯೋಜನೆ ಸ್ವಲ್ಪ ದುಬಾರಿ. ಅದರ ಲಾಭವೆಂದರೆ ಗಾಡಿ ನೇರ ಅಧಿಕೃತ ಸರ್ವಿಸ್ ಸೆಂಟರಿಗೇ ಹೋಗುತ್ತದೆ, ನಿಮ್ಮ ಮಾದರಿಯ ಕಾರು ತಿಳಿದ ಮೆಕ್ಯಾನಿಕ್ ಬರುವ ಸಂಭವವೂ ಜಾಸ್ತಿ. ತೊಂದರೆಯೂ ಅದೇ. ಹತ್ತು ವರ್ಷದಿಂದ ನಿಮ್ಮ ಕಾರು ನೋಡಿಕೊಳ್ಳುತ್ತಿರುವ ಗ್ಯಾರೇಜಿನವರ ಹತ್ತಿರ ಒಯ್ಯಿರಿ ಅಂದರೆ ಕೇಳುವುದಿಲ್ಲ. ವಾರಂಟಿ ಮುಗಿದ ಹಳೆಯ ಕಾರಿಗೆ ನನ್ನ ಮತ ಖಾಸಗಿ ಸದಸ್ಯತ್ವಕ್ಕೆ, ಆದರೆ ವಯಸ್ಸಿನ ಮಿತಿ ನೋಡಿಕೊಂಡು. ಇಷ್ಟು ವರ್ಷ ದಾಟಿದ ಕಾರಿಗೆ ಸೇವೆಯಿಲ್ಲ ಎಂಬ ಷರತ್ತು ಕೆಲವು ಯೋಜನೆಗಳಲ್ಲಿದೆ.

ಬ್ರಿಟನ್ನಿನಲ್ಲಿರುವ ಕನ್ನಡಿಗರಿಗೆ ಈ ಲೆಕ್ಕ ಬೇರೆ. ಅಲ್ಲಿ ಇದು ವಿಮೆಯ ಬಾಲಂಗೋಚಿಯಲ್ಲ, ನೂರು ವರ್ಷ ದಾಟಿದ ಸ್ವತಂತ್ರ ವ್ಯಾಪಾರ. ಇವತ್ತು ಕೆಟ್ಟ ಕಾರುಗಳನ್ನು ರಿಪೇರಿ ಮಾಡುವ ಆಟೊಮೊಬೈಲ್ ಅಸೋಸಿಯೇಶನ್ 1905ರಲ್ಲಿ ಹುಟ್ಟಿದ್ದು, ವೇಗ ಮಿತಿ ಮೀರಿದವರನ್ನು ಹಿಡಿಯಲು ಪೊಲೀಸರು ಹೊಂಚಿ ಕೂತ ಜಾಗಗಳ ಬಗ್ಗೆ ಸದಸ್ಯರನ್ನು ಎಚ್ಚರಿಸುವುದಕ್ಕೆ! ಅಲ್ಲಿ ಮನೆಯ ಬಾಗಿಲಲ್ಲೇ ಕಾರು ಸ್ಟಾರ್ಟ್ ಆಗದಿದ್ದರೆ ಅದಕ್ಕೆ ಬೇರೆಯೇ ಕವರ್ ಬೇಕಾಗಬಹುದು. ರಿನ್ಯೂವಲ್ ನೋಟಿಸಿನಲ್ಲಿರುವ ಬೆಲೆಯನ್ನು ಒಪ್ಪುವ ಮುಂಚೆ ಅದೇ ಕಂಪನಿ ಹೊಸ ಗ್ರಾಹಕರಿಗೆ ಹೇಳುವ ಬೆಲೆ ನೋಡಿ, ಫೋನ್ ಮಾಡಿ ಚೌಕಾಸಿ ಮಾಡುವುದು ಅಲ್ಲಿ ಮಾಮೂಲು.

ಐವತ್ತು ಕಿಲೋಮೀಟರ್, ಎಲ್ಲಿಂದ ಎಲ್ಲಿಗೆ?

ಷರತ್ತುಗಳನ್ನು ಓದುವುದು ಬೇಸರದ ಕೆಲಸ, ಒಪ್ಪುತ್ತೇನೆ. ವಿಮಾ ಕಂಪನಿಯ ಪ್ರತಿ ಆಡ್-ಆನ್‌ಗೂ ಯುಐಎನ್ ಎಂಬ ಗುರುತಿನ ಸಂಖ್ಯೆಯಿರುತ್ತದೆ. ಆ ಸಂಖ್ಯೆ ಹಿಡಿದು ಹುಡುಕಿದರೆ ಪೂರ್ತಿ ಷರತ್ತುಪತ್ರ ಕಂಪನಿಯ ಜಾಲತಾಣದಲ್ಲೇ ಸಿಗುತ್ತದೆ. ಎಲ್ಲವನ್ನೂ ಓದಬೇಕಾಗಿಲ್ಲ, ‘ಟೋಯಿಂಗ್’ ಎಂಬ ಭಾಗವನ್ನಷ್ಟು ಓದಿ.

ಅಲ್ಲಿ ‘50 ಕಿ.ಮೀ. ವರೆಗೆ ಉಚಿತ’ ಎಂದಿದೆ ಅಂದುಕೊಳ್ಳಿ. ಕಾರು ನಿಂತ ಜಾಗದಿಂದ ಗ್ಯಾರೇಜಿಗೆ ಐವತ್ತೋ, ಟೋಯಿಂಗ್ ಗಾಡಿ ತನ್ನ ಊರಿಂದ ಹೊರಟು, ನಿಮ್ಮ ಕಾರು ಇಳಿಸಿ, ಮರಳಿ ಮನೆ ಸೇರುವವರೆಗೆ ಐವತ್ತೋ? ಎರಡಕ್ಕೂ ಅಜಗಜಾಂತರ. ಕೊಟ್ಟಿಗೆಹಾರದಲ್ಲಿ ಕಾರು ನಿಂತಿತು ಅನ್ನಿ. ಅಲ್ಲಿಂದ ಚಿಕ್ಕಮಗಳೂರು ಐವತ್ತು ಕಿಲೋಮೀಟರ್ ಆಸುಪಾಸು. ಮೊದಲ ಲೆಕ್ಕದಲ್ಲಿ ನೀವು ಕೊಡಬೇಕಾದದ್ದು ಏನೂ ಇಲ್ಲ. ಎರಡನೆಯದರಲ್ಲಿ ಚಿಕ್ಕಮಗಳೂರಿಂದ ಬಂದ ಗಾಡಿ ನಿಮ್ಮ ಹತ್ತಿರ ತಲುಪುವಷ್ಟರಲ್ಲೇ ಉಚಿತ ಮಿತಿ ಮುಗಿದಿರುತ್ತದೆ, ಮುಂದಿನದೆಲ್ಲ ಕಿಲೋಮೀಟರಿಗೆ ಇಷ್ಟು ಎಂದು ನಿಮ್ಮ ಜೇಬಿಂದ. ‘ಹತ್ತಿರದ ಗ್ಯಾರೇಜಿಗೆ’ ಎಂದಿದ್ದರೆ ಆ ಹತ್ತಿರವನ್ನು ನಿರ್ಧರಿಸುವವರು ಅವರು. ‘ಗ್ರಾಹಕರು ಹೇಳಿದಲ್ಲಿಗೆ’ ಎಂದಿದ್ದರೆ ನೀವು. ಟೋಯಿಂಗ್ ಗಾಡಿಯ ಟೋಲ್ ಯಾರ ಲೆಕ್ಕಕ್ಕೆ ಎಂಬುದನ್ನೂ ಅಲ್ಲೇ ನೋಡಿಬಿಡಿ.

ಇನ್ನು ಕೆಲವನ್ನು ಬೇಗ ಮುಗಿಸಬಹುದು. ವರ್ಷಕ್ಕೆ ಎಷ್ಟು ಸಲ ಕರೆಯಬಹುದು ಎಂಬ ಮಿತಿ ಇರುತ್ತದೆ, ನಾಲ್ಕು ಎಂಬುದು ಸಾಮಾನ್ಯ, ಸಾಕು ಕೂಡ. ಪಂಕ್ಚರಾದರೆ ಸ್ಟೆಪ್ನಿ ಹಾಕಿಕೊಡುತ್ತಾರೆ. ಸ್ಟೆಪ್ನಿಯೇ ಇಲ್ಲದ ಹೊಸ ಮಾದರಿಗಳಿಗೆ ಏನು ಮಾಡುತ್ತಾರೆ ಎಂದು ಕೇಳಿಕೊಳ್ಳಿ. ಪೆಟ್ರೋಲ್ ತಂದುಕೊಡುತ್ತಾರೆ, ಅದರ ದುಡ್ಡು ನಿಮ್ಮದೇ. ಬಿಡಿಭಾಗಗಳದ್ದೂ ಅಷ್ಟೆ. ಕ್ಲಚ್ ಹೋದರೆ ಆರ್‌ಎಸ್‌ಎ ನಿಮ್ಮ ಕಾರನ್ನು ಗ್ಯಾರೇಜ್ ಮುಟ್ಟಿಸುತ್ತದೆಯೇ ಹೊರತು ಕ್ಲಚ್ ಬಿಲ್ ಕಟ್ಟುವುದಿಲ್ಲ. ಚರಂಡಿಗೆ ಚಕ್ರ ಇಳಿದ ಕಾರನ್ನು ಮೇಲೆತ್ತುವುದು ಎಷ್ಟೋ ಯೋಜನೆಗಳಲ್ಲಿ ಬೇರೆ ಖರ್ಚು. ಹೋಟೆಲ್ ವಾಸ್ತವ್ಯ, ಮುಂದಿನ ಪ್ರಯಾಣಕ್ಕೆ ಟ್ಯಾಕ್ಸಿ ಎಂದೆಲ್ಲ ದೊಡ್ಡ ಅಕ್ಷರದಲ್ಲಿ ಬರೆದಿರುತ್ತದೆ, ಸಣ್ಣ ಅಕ್ಷರದ ಷರತ್ತುಗಳನ್ನು ದಾಟಿ ಅದು ಕೈಗೆ ಸಿಗುವುದು ಅಪರೂಪ. ಆ ಆಸೆಗೆ ದುಬಾರಿ ಯೋಜನೆ ಕೊಳ್ಳುವುದು ನನಗೆ ಸರಿಕಾಣುವುದಿಲ್ಲ.

ಕೊಳ್ಳುವ ಮುಂಚೆ ಒಂದು ಫೋನ್

ನನಗೆ ಗೊತ್ತಿರುವ ಅತಿ ಒಳ್ಳೆಯ ಪರೀಕ್ಷೆ ಇದು, ಖರ್ಚೂ ಇಲ್ಲ. ಕೊಳ್ಳಬೇಕೆಂದಿರುವ ಯೋಜನೆಯ ಸಹಾಯವಾಣಿಗೆ ಒಂದು ಭಾನುವಾರ ರಾತ್ರಿ ಎಂಟು ಗಂಟೆಗೆ ಫೋನ್ ಮಾಡಿ. ಮೊದಲಿಗೆ, ಎಷ್ಟು ಹೊತ್ತಿಗೆ ಎತ್ತುತ್ತಾರೆ? ಕನ್ನಡದಲ್ಲಿ ಮಾತಾಡುವವರು ಸಿಗುತ್ತಾರೋ? ಕಾರಿನಲ್ಲಿ ವಯಸ್ಸಾದ ಅಪ್ಪ-ಅಮ್ಮ ಇಬ್ಬರೇ ಓಡಾಡುವ ಮನೆಗಳಲ್ಲಿ ಇದು ಸಣ್ಣ ವಿಷಯವಲ್ಲ. ಆಮೇಲೆ ಮಾತು ಹೀಗೆ ಸಾಗಲಿ:

“ನಾನಿನ್ನೂ ನಿಮ್ಮ ಗ್ರಾಹಕನಲ್ಲ ಮೇಡಂ. ತಗೊಳ್ಳೋ ಮುಂಚೆ ಕೇಳ್ತಾ ಇದ್ದೀನಿ. ಆಗುಂಬೆ ಹತ್ರ ಕಾರು ನಿಂತ್ರೆ ನಿಮ್ಮ ಗಾಡಿ ಎಲ್ಲಿಂದ ಬರುತ್ತೆ?”

“ಸರ್, ಪ್ಯಾನ್ ಇಂಡಿಯಾ ಸರ್ವಿಸ್ ಇದೆ ಸರ್.”

“ಅದು ಸರಿ. ಆಗುಂಬೆಗೆ ಯಾವ ಊರಿಂದ ಬರುತ್ತೆ? ತೀರ್ಥಹಳ್ಳಿನಾ, ಶಿವಮೊಗ್ಗನಾ, ಉಡುಪಿನಾ?”

“ಪಿನ್‌ಕೋಡ್ ಹೇಳಿ ಸರ್, ಚೆಕ್ ಮಾಡ್ತೀನಿ.”

ಪಿನ್‌ಕೋಡ್ ಹಾಕಿ ನೋಡಿ, ಊರಿನ ಹೆಸರು ಹೇಳಿ, “ರಾತ್ರಿಯಾದ್ರೆ ಎರಡು-ಮೂರು ಗಂಟೆ ಆಗಬಹುದು ಸರ್” ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಆ ಕಂಪನಿಯನ್ನು ನಂಬಬಹುದು. ‘ಪ್ಯಾನ್ ಇಂಡಿಯಾ’ ಬಿಟ್ಟು ಬೇರೆ ಮಾತೇ ಬಾರದಿದ್ದರೆ ಉತ್ತರ ಸಿಕ್ಕಂತೆಯೇ. ಸೇವೆ ನಗರದಿಂದ ಇಂತಿಷ್ಟು ದೂರದವರೆಗೆ ಮಾತ್ರ, ಗುಡ್ಡಗಾಡಿಗೆ ಇಲ್ಲ ಎಂಬ ಸಾಲು ಷರತ್ತಿನಲ್ಲಿ ಅಡಗಿದ್ದರೂ ಈ ಪ್ರಶ್ನೆಗೆ ಹೊರಬೀಳುತ್ತದೆ.

ಆಗುಂಬೆಯನ್ನು ಸುಮ್ಮನೆ ಆರಿಸಿದ್ದಲ್ಲ. ಹದಿನಾಲ್ಕು ಹೇರ್‌ಪಿನ್ ತಿರುವುಗಳ ಆ ಘಾಟಿಯಲ್ಲಿ ಉದ್ದನೆಯ ಟೋಯಿಂಗ್ ಗಾಡಿ ತಿರುಗಿಸುವುದೇ ಒಂದು ಸಾಹಸ. ಚಾರ್ಮಾಡಿ, ಶಿರಾಡಿಯಲ್ಲಿ ಮಳೆಗಾಲದಲ್ಲಿ ಗುಡ್ಡ ಕುಸಿದು ರಸ್ತೆಯೇ ಮುಚ್ಚಬಹುದು. ಗುಂಡ್ಲುಪೇಟೆಯಿಂದ ಬಂಡೀಪುರದ ಮೂಲಕ ಸುಲ್ತಾನ್ ಬತ್ತೇರಿಗೂ ಊಟಿ ಕಡೆಗೂ ಹೋಗುವ ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಸಂಜೆ ಏಳೂವರೆಗೆ ಅಲ್ಲಿ ಕಾರು ಕೆಟ್ಟರೆ ಟೋಯಿಂಗ್ ಗಾಡಿಯ ಜೊತೆ ಗೇಟ್ ಮುಚ್ಚುವ ಸಮಯದ್ದೂ ಚಿಂತೆ. ಕಾರು ಬರೀ ಬೆಂಗಳೂರಿನ ಮನೆ-ಆಫೀಸು ಸುತ್ತುವುದಾದರೆ ಇದೆಲ್ಲ ತಲೆಗೆ ಹಚ್ಚಿಕೊಳ್ಳಬೇಡಿ, ಅಗ್ಗದ ಆಡ್-ಆನ್ ಧಾರಾಳವಾಯಿತು. ವಾರಾಂತ್ಯಕ್ಕೊಮ್ಮೆ ಊರಿಗೆ ಹೋಗುವವರು, ಜನವರಿಯಲ್ಲಿ ಶಬರಿಮಲೆಗೆ ಹೊರಡುವವರು ತಮ್ಮ ದಾರಿಯ ಎರಡು-ಮೂರು ಊರುಗಳ ಪಿನ್‌ಕೋಡ್ ಹಿಡಿದುಕೊಂಡೇ ಫೋನ್ ಮಾಡುವುದು ಒಳ್ಳೆಯದು.

ಟೋಲ್ ಇರುವ ರಾಷ್ಟ್ರೀಯ ಹೆದ್ದಾರಿಯಲ್ಲಾದರೆ ಇನ್ನೊಂದು ಆಸರೆಯಿದೆ. ಹೆದ್ದಾರಿ ಪ್ರಾಧಿಕಾರದ ಸಹಾಯವಾಣಿ 1033, ದಿನದ ಇಪ್ಪತ್ನಾಲ್ಕು ಗಂಟೆಯೂ. ಗಸ್ತು ವಾಹನ, ಕ್ರೇನ್, ಆಂಬುಲೆನ್ಸ್ ಇಡುವುದು ಟೋಲ್ ರಸ್ತೆ ನಡೆಸುವವರ ಹೊಣೆ. ಆದರೆ ಆ ಕ್ರೇನಿನ ಉದ್ದೇಶ ರಸ್ತೆ ತೆರವು ಮಾಡುವುದು. ಸಾಮಾನ್ಯವಾಗಿ ನಿಮ್ಮನ್ನು ಸುರಕ್ಷಿತ ಜಾಗಕ್ಕೆ ಮುಟ್ಟಿಸಿ ಬಿಡುತ್ತಾರೆ, ನಿಮ್ಮ ಗ್ಯಾರೇಜಿಗಲ್ಲ. ಬೆಂಗಳೂರು–ಮೈಸೂರು ರಸ್ತೆಯಲ್ಲಿ ವೇಗವಾಗಿ ನುಗ್ಗುವ ವಾಹನಗಳ ಪಕ್ಕ ಕಾರು ನಿಂತಾಗ ಮೊದಲು ಒತ್ತಬೇಕಾದ ನಂಬರ್ ಇದೇ, ಆರ್‌ಎಸ್‌ಎ ನಂತರ. ಘಾಟಿಯ ರಸ್ತೆಗೆ ರಾಷ್ಟ್ರೀಯ ಹೆದ್ದಾರಿ ಎಂಬ ಹೆಸರಿದ್ದ ಮಾತ್ರಕ್ಕೆ ಅಲ್ಲೂ ಟೋಲಿನವರ ಕ್ರೇನ್ ಕಾದು ನಿಂತಿರುತ್ತದೆ ಎಂದುಕೊಳ್ಳಬೇಡಿ.

ಎತ್ತಿಕೊಂಡು ಹೋಗುವ ರೀತಿ

ಕಾರಿನ ಮುಂದಿನ ಎರಡು ಚಕ್ರ ಎತ್ತಿ, ಹಿಂದಿನವನ್ನು ರಸ್ತೆಯ ಮೇಲೆ ಉರುಳಿಸಿಕೊಂಡು ಒಯ್ಯುವ ಕ್ರೇನ್ ಒಂದು ಬಗೆ. ಇಡೀ ಕಾರನ್ನು ಮೇಲೇರಿಸಿಕೊಳ್ಳುವ ಫ್ಲಾಟ್‌ಬೆಡ್ ಇನ್ನೊಂದು. ನಮ್ಮಲ್ಲಿನ ಹೆಚ್ಚಿನ ಸಣ್ಣ ಕಾರುಗಳಲ್ಲಿ ಎಂಜಿನ್ನಿನ ಎಳೆತ ಮುಂದಿನ ಚಕ್ರಕ್ಕಿರುವುದರಿಂದ ಮೊದಲ ಬಗೆಯಲ್ಲೂ ತೊಂದರೆಯಾಗದು. ನಾಲ್ಕೂ ಚಕ್ರಕ್ಕೆ ಎಳೆತವಿರುವ ಎಸ್‌ಯುವಿ ಮತ್ತು ಎಲೆಕ್ಟ್ರಿಕ್ ಕಾರುಗಳನ್ನು ಹಾಗೆ ಎಳೆದರೆ ಗೇರ್‌ಬಾಕ್ಸೋ ಮೋಟಾರೋ ಹಾಳಾಗಿ, ಬ್ಯಾಟರಿ ಡೌನ್ ಆಗಿದ್ದ ಕಾರಿಗೆ ಲಕ್ಷದ ಬಿಲ್ ಬೀಳಬಹುದು. ಇಂಥ ಕಾರಿನವರು ‘ಫ್ಲಾಟ್‌ಬೆಡ್’ ಎಂಬ ಮಾತು ಷರತ್ತಿನಲ್ಲಿ ಇದೆಯೇ ಎಂದು ಖಚಿತ ಮಾಡಿಕೊಳ್ಳದೆ ದುಡ್ಡು ಕಟ್ಟಬಾರದು. ಎಲೆಕ್ಟ್ರಿಕ್ ಕಾರಿಗೆ ಚಾರ್ಜ್ ಮುಗಿದರೆ ಹತ್ತಿರದ ಚಾರ್ಜಿಂಗ್ ಸ್ಟೇಷನ್ನಿಗೆ ಒಯ್ಯುತ್ತಾರೆಯೇ ಎಂದೂ ಕೇಳಿ. ಅಂದಹಾಗೆ, ಎಲೆಕ್ಟ್ರಿಕ್ ಕಾರಿನಲ್ಲೂ ಮಾಮೂಲಿ 12 ವೋಲ್ಟಿನ ಪುಟ್ಟ ಬ್ಯಾಟರಿಯೊಂದಿರುತ್ತದೆ. ಅದು ಸತ್ತರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಏಳುವುದಿಲ್ಲ.

ಅಪಾರ್ಟ್‌ಮೆಂಟ್ ಬೇಸ್‌ಮೆಂಟು ಮತ್ತೊಂದು ತಲೆನೋವು. ಫ್ಲಾಟ್‌ಬೆಡ್ ಅಷ್ಟು ಕಡಿಮೆ ಎತ್ತರದಲ್ಲಿ ಒಳಗೆ ಬಾರದು. ಚಕ್ರಗಳ ಕೆಳಗೆ ಟ್ರಾಲಿ ಇಟ್ಟು ಮೇಲಕ್ಕೆ ಎಳೆದು ತರಬೇಕು, ಅಂಥ ಸಾಮಾನು ಎಲ್ಲರ ಬಳಿ ಇರುವುದಿಲ್ಲ. ಬೆಂಗಳೂರಿನ ಮಳೆಗೆ ಬೇಸ್‌ಮೆಂಟಿನಲ್ಲಿ ನೀರು ನುಗ್ಗಿದಾಗ ಇದು ಗೊತ್ತಾಗುತ್ತದೆ. ನೀರು ಹೊಕ್ಕ ಕಾರನ್ನು ಯಾವ ಕಾರಣಕ್ಕೂ ಸ್ಟಾರ್ಟ್ ಮಾಡಬೇಡಿ. ಸಿಲಿಂಡರಿಗೆ ನೀರು ಸೇರಿ ಎಂಜಿನ್ ಮುರಿದರೆ, ಎಂಜಿನ್ ಪ್ರೊಟೆಕ್ಷನ್ ಆಡ್-ಆನ್ ಇಲ್ಲದವರಿಗೆ ಆ ನಷ್ಟ ಸಿಗುವುದು ಕಷ್ಟ. ಟೋಯಿಂಗ್ ಗಾಡಿ ಬರುವವರೆಗೆ ಕಾಯಲೇಬೇಕಾದ ಸಂದರ್ಭವೆಂದರೆ ಅದು.

ತಾರೀಕು, ರಸೀದಿ, ದೂರು

ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯವಾದದ್ದು 2018ರ ಸೆಪ್ಟೆಂಬರ್‌ನಿಂದ. ಹಾಗಾಗಿ ಎರಡನೇ, ಮೂರನೇ ವರ್ಷ ರಿನ್ಯೂ ಆಗುವುದು ಓನ್ ಡ್ಯಾಮೇಜ್ ಭಾಗ ಮಾತ್ರ. ಆರ್‌ಎಸ್‌ಎ ಅಂಟಿಕೊಂಡಿರುವುದು ಅದಕ್ಕೇ, ಮತ್ತು ಅದನ್ನು ಬೇರೆ ಕಂಪನಿಯಲ್ಲಿ ತೆಗೆದುಕೊಳ್ಳಲು ಅಡ್ಡಿಯಿಲ್ಲ. ಷೋರೂಮಿನವರು ಹೇಳಿದ ಕಂಪನಿಯಲ್ಲೇ ಮುಂದುವರಿಯಬೇಕೆಂಬ ಕಟ್ಟುಪಾಡು ಇಲ್ಲ. ಕಂಪನಿ ಬದಲಿಸಿದರೂ ನೋ ಕ್ಲೇಮ್ ಬೋನಸ್ ನಿಮ್ಮ ಜೊತೆ ಬರುತ್ತದೆ. ಐದು ವರ್ಷ ಕ್ಲೇಮ್ ಮಾಡದವರಿಗೆ ಅದು ಶೇ. 50ರವರೆಗೆ ಇರುತ್ತದೆ. ಪಾಲಿಸಿ ಮುಗಿದು 90 ದಿನ ದಾಟಿದರೆ ಮಾತ್ರ ಬೋನಸ್ ಕೈತಪ್ಪುತ್ತದೆ. ಪಂಕ್ಚರಿಗೋ ಜಂಪ್ ಸ್ಟಾರ್ಟಿಗೋ ಆರ್‌ಎಸ್‌ಎ ಕರೆದರೆ ಬೋನಸ್ ಹೋಗುತ್ತದೆಂಬ ಹೆದರಿಕೆ ಕೆಲವರಿಗಿದೆ. ಸಾಮಾನ್ಯವಾಗಿ ಅದು ಕ್ಲೇಮ್ ಎಂದು ಲೆಕ್ಕಕ್ಕೆ ಬರುವುದಿಲ್ಲ, ಷರತ್ತಿನಲ್ಲಿ ಒಮ್ಮೆ ನೋಡಿಕೊಂಡರೆ ಆಯಿತು. ಖಾಸಗಿ ಸದಸ್ಯತ್ವ ಕೊಂಡ ದಿನವೇ ಸೇವೆ ಸಾಮಾನ್ಯವಾಗಿ ಶುರುವಾಗುವುದಿಲ್ಲ, ಕಾಯುವ ಅವಧಿ ಇಟ್ಟಿರುತ್ತಾರೆ. ಕಾರು ನಿಂತ ಮೇಲೆ ಅಲ್ಲೇ ಆ್ಯಪ್‌ನಲ್ಲಿ ದುಡ್ಡು ಕಟ್ಟಿ ಕರೆಯೋಣ ಎಂಬ ಜಾಣತನ ಇಲ್ಲಿ ನಡೆಯದು.

ಎರಡು ಯೋಜನೆಗಳು ಸರಿಸಮ ಎನಿಸಿದಾಗ ನಾನು ತೂಗಿ ನೋಡುವುದು ದೂರಿನ ದಾರಿಯನ್ನು. ವಿಮಾ ಕಂಪನಿಯ ಆಡ್-ಆನ್ ಆದರೆ ಅದೂ ವಿಮೆಯೇ. ಗಾಡಿ ಬಾರದೆ ನೀವೇ ಖಾಸಗಿಯವರನ್ನು ಕರೆಸಿ ದುಡ್ಡು ಕೊಟ್ಟಿರಿ, ಕಂಪನಿ ಮರಳಿಸಲಿಲ್ಲ ಎಂದುಕೊಳ್ಳಿ. ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಬೇಕು. ಅಲ್ಲಿ ಆಗದಿದ್ದರೆ ವಿಮಾ ನಿಯಂತ್ರಣ ಪ್ರಾಧಿಕಾರದ ಬಿಮಾ ಭರೋಸಾ ಪೋರ್ಟಲ್, 155255 ಸಹಾಯವಾಣಿ, ಕೊನೆಗೆ ಬೆಂಗಳೂರಿನಲ್ಲೇ ಇರುವ ವಿಮಾ ಒಂಬುಡ್ಸ್‌ಮನ್. ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲ, ವಕೀಲರೂ ಬೇಡ. ಖಾಸಗಿ ಸದಸ್ಯತ್ವ ವಿಮೆಯಲ್ಲ, ಸೇವೆಯ ಕರಾರು. ಅದಕ್ಕೆ ಇರುವುದು ಗ್ರಾಹಕ ಸಹಾಯವಾಣಿ 1915 ಮತ್ತು ಜಿಲ್ಲಾ ಗ್ರಾಹಕ ಆಯೋಗ. ಎರಡೂ ಕೆಲಸ ಮಾಡುವ ದಾರಿಗಳೇ, ಆದರೆ ಒಂದೆರಡು ಸಾವಿರದ ವ್ಯಾಜ್ಯಕ್ಕೆ ಮೊದಲನೆಯದು ಹಗುರ.

ಯಾವ ದಾರಿಗಾದರೂ ಕಾಗದ ಬೇಕು. ಫೋನ್ ಮಾಡಿದಾಗ ಸರ್ವಿಸ್ ರಿಕ್ವೆಸ್ಟ್ ನಂಬರ್ ಕೇಳಿ ಪಡೆಯಿರಿ, ಗಾಡಿ ಹೊರಟಿತೆಂದು ಬರುವ ಮೆಸೇಜ್ ಅಳಿಸಬೇಡಿ. ಕಾರನ್ನು ಮೇಲೇರಿಸುವ ಮುಂಚೆ ನಾಲ್ಕೂ ಬದಿಯ ಫೋಟೊ, ಓಡೋಮೀಟರಿನ ಫೋಟೊ ತೆಗೆಯಿರಿ. ಬಂಪರಿನ ಗೀರು ಮೊದಲೇ ಇತ್ತೋ ಆಮೇಲೆ ಆಯಿತೋ ಎಂಬ ವಾದ ಅಲ್ಲಿಗೇ ನಿಲ್ಲುತ್ತದೆ. ಉಚಿತ ಮಿತಿ ದಾಟಿದೆ ಎಂದು ಡ್ರೈವರ್ ಹೆಚ್ಚಿನ ದುಡ್ಡು ಕೇಳಿದರೆ ಅವರೊಡನೆ ಜಗಳ ಬೇಡ, ಕಂಪನಿ ಅವರಿಗೆ ಎಷ್ಟು ಕೊಡುತ್ತದೆ ಎಂಬುದರಲ್ಲಿ ಅವರ ಕೈಯಿಲ್ಲ. ಅವರ ಎದುರೇ ಸಹಾಯವಾಣಿಗೆ ಫೋನ್ ಮಾಡಿ, ಕಿಲೋಮೀಟರಿನ ಲೆಕ್ಕ ಕೇಳಿ, ಕೊಡಬೇಕಾದದ್ದನ್ನು ಯುಪಿಐನಲ್ಲಿ ಕೊಟ್ಟು ರಸೀದಿ ಬರೆಸಿಕೊಳ್ಳಿ.